ಮಾವ ಬದುಕಿರಬೇಕಾದ ಎರಡು ವರ್ಷ

ಒಬ್ಬರು ಎರಡು ವರ್ಷ ಸಾಯದೆ ಇರಲಿ ಎಂದು ದಿನ ಎಣಿಸುತ್ತ ಕೂತವರು ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೋ ಗೊತ್ತಿಲ್ಲ. ಬಹರೈನಿನ ಮಾಹೂಝ್‌ನಲ್ಲಿ ನಮ್ಮದು ಮೂರನೇ ಮಾಳಿಗೆಯ ಫ್ಲ್ಯಾಟ್. ಅದರ ಅಡುಗೆಮನೆಯ ಬಾಗಿಲ ಹಿಂದೆ ವರ್ಷವರ್ಷವೂ ಊರಿನಿಂದ ತರಿಸಿದ ಕ್ಯಾಲೆಂಡರ್ ತೂಗುತ್ತಿತ್ತು. ಪ್ರತಿ ತಿಂಗಳು ಒಂದು ನಿಶ್ಚಿತ ತಾರೀಕಿಗೆ ನಾನು ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಇಪ್ಪತ್ತನಾಲ್ಕು ಗೆರೆ ಬೀಳಬೇಕು, ಅಲ್ಲಿಯವರೆಗೆ ನನ್ನ ಮಾವ ಬದುಕಿರಬೇಕು. ಇಲ್ಲದಿದ್ದರೆ ಅವರ ಹೆಂಚಿನ ಕಾರ್ಖಾನೆ ನಮ್ಮ ಕೈ ಬಿಟ್ಟು ಹೋಗುತ್ತದೆ. ನನ್ನ ಗಂಡ ಆ ಗೆರೆಗಳನ್ನು ನೋಡಿ ನಗುತ್ತಿದ್ದರು.

“ಎಂತ ಮಾರಾಯ್ತಿ ಇದು? ಹಾಲಿನವನ ಲೆಕ್ಕ ಬರೆದ ಹಾಗೆ ಮಾವನ ಆಯುಷ್ಯ ಬರೀತೀಯಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಚಟ್ನಿ ಅರೆಯುವುದನ್ನು ಅರ್ಧಕ್ಕೆ ಬಿಟ್ಟು ಹೋಗಿ ಮಲಗಿಬಿಡುತ್ತಿದ್ದೆ. ಪಾಪ, ಅವರೇ ಅರೆದು ಒಗ್ಗರಣೆ ಹಾಕಿ ಬಂದು ಕರೆಯುತ್ತಿದ್ದರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನನಗೆ ನಾಲ್ಕು ವರ್ಷವಾಗಿದ್ದಾಗ ನನ್ನ ತಂದೆ ತೀರಿಕೊಂಡರು, ಅಮ್ಮ ನನ್ನನ್ನು ಎತ್ತಿಕೊಂಡು ತವರಿಗೆ ಬಂದರು. ನಮ್ಮ ಕಡೆ ಮನೆತನ ಹೋಗುವುದು ಹೆಣ್ಣಿನ ದಾರಿಯಲ್ಲಿ. ಗಂಡಸಿನ ಆಸ್ತಿಗೆ ಅವನ ಮಕ್ಕಳಲ್ಲ, ಅವನ ತಂಗಿಯ ಮಕ್ಕಳು ಹಕ್ಕುದಾರರೆಂಬುದು ಹಳೆಯ ರೂಢಿ. ಆಮೇಲೆ ಕಾನೂನು ಬದಲಾಯಿತು, ಆದರೆ ರೂಢಿ ಎಲ್ಲಿಗೆ ಹೋಗುತ್ತದೆ? ಹಾಗಾಗಿ ತವರಿಗೆ ಬಂದವಳು ಎಂದು ಅಮ್ಮನಿಗೆ ಯಾರೂ ಒಂದು ಮಾತು ಆಡಲಿಲ್ಲ. ಮಾವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ “ಪುರ್ಸೊತ್ತಾಗಲಿಲ್ಲ” ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಮಂಗಳೂರಿನ ಹೊರಗೆ ಹೊಳೆಯ ದಡದಲ್ಲಿ ಅವರೇ ಕಟ್ಟಿಸಿದ ಕಾರ್ಖಾನೆ ಅದು. ಬೆಳಿಗ್ಗೆ ದೋಣಿಗಳಲ್ಲಿ ಆವೆಮಣ್ಣು ಬರುತ್ತಿತ್ತು. ಹೆಂಗಸರು ಸಾಲಾಗಿ ಹಸಿ ಹೆಂಚು ಹೊತ್ತು ಒಣಗಲು ಇಡುತ್ತಿದ್ದರು. ಗೂಡಿನಿಂದ ತೆಗೆದ ಹೆಂಚನ್ನು ಮಾವ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಕಿವಿ ಕೊಡುತ್ತಿದ್ದರು. ಬೆಂದಿದೆಯೋ ಇಲ್ಲವೋ ಎಂಬುದು ಆ ಸದ್ದಿನಲ್ಲೇ ತಿಳಿಯುತ್ತಿತ್ತು. ನನ್ನ ಶಾಲೆಯ ಪ್ರೋಗ್ರೆಸ್ ಕಾರ್ಡಿಗೂ ಹಾಗೆಯೇ ಬಡಿದು ನೋಡಿ “ಇನ್ನೂ ಸ್ವಲ್ಪ ಬೇಯ್ಬೇಕು” ಎಂದು ಸಹಿ ಹಾಕುತ್ತಿದ್ದರು.

ಅವರ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಒಂದು ಮರದ ಕುರ್ಚಿ. ಅದರಲ್ಲಿ ಕೂತರೆ ಗೂಡು, ಅಂಗಳ, ಹೊಳೆ ಮೂರೂ ಕಾಣುತ್ತಿದ್ದವು. ಅವರಿಲ್ಲದಾಗಲೂ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಮಾವ ಹೇಳಿದ್ದೂ ಇಲ್ಲ. ಅದೆಲ್ಲ ನಮ್ಮಲ್ಲಿ ಹೇಳಿಸಿಕೊಳ್ಳುವ ಸಂಗತಿ ಅಲ್ಲ.

ಮದುವೆಯಾಗಿ ನಾನು ಬಹರೈನಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನನ್ನ ಗಂಡ ಅದ್ಲಿಯಾದ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್. ನನಗೆ ಟೈಪಿಂಗ್ ಬರುತ್ತಿತ್ತಲ್ಲ, ಮನಾಮದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸಿಮೆಂಟು, ಪೈಪು, ಕಬ್ಬಿಣ ಮಾರುವ ಕಂಪೆನಿ. ಅದರ ಅರ್ಬಾಬ್, ಎಂದರೆ ಯಜಮಾನರು, ಎಳೆಯ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಬಂದು ವ್ಯಾಪಾರ ಮಾಡಿದವರು. ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಏನು ಟೈಪ್ ಮಾಡಿ ಕೊಟ್ಟರೂ ಓದದೆಯೇ ಸಹಿ ಹಾಕಿ, ಆಮೇಲೆ ಓದಿ, ತಪ್ಪಿದ್ದರೆ ನಗುತ್ತಿದ್ದರು. ಗುರುವಾರ ಮಧ್ಯಾಹ್ನ ಆಫೀಸು ಮುಚ್ಚಿದರೆ ನಾವಿಬ್ಬರೂ ನಮ್ಮ ಹಳೇ ಡಾಟ್ಸನ್ ಕಾರಿನಲ್ಲಿ ಮೀನು ತರಲು ಹೋಗುತ್ತಿದ್ದೆವು. ಶುಕ್ರವಾರ ಊರಿನವರು ಯಾರಾದರೂ ಊಟಕ್ಕೆ ಬರುತ್ತಿದ್ದರು. ಬಂದವರು ಮೊದಲು ಕೇಳುತ್ತಿದ್ದುದು “ಕುಚ್ಚಲಕ್ಕಿ ಉಂಟಾ?” ಎಂದು. ಸುಖದ ದಿನಗಳು. ಆಗ ಸುಖವೆಂದು ಗೊತ್ತಿರಲಿಲ್ಲ, ಎಸಿ ಕೆಟ್ಟಿತೆಂದು ಜಗಳವಾಡುತ್ತಿದ್ದೆವು.

ಹಾಗಿರುವಾಗ ಊರಲ್ಲಿ ಮಾವನ ಗೆಳೆಯರೊಬ್ಬರು ತೀರಿಕೊಂಡರು. ಅವರದು ಅಕ್ಕಿ ಮಿಲ್ಲು. ಆ ಕಾಲದಲ್ಲಿ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ಇತ್ತು. ಆಸ್ತಿ ಇದ್ದವರು ಸತ್ತರೆ, ಅವರು ಬಿಟ್ಟುಹೋದದ್ದಕ್ಕೆಲ್ಲ ಸರಕಾರ ಬೆಲೆ ಕಟ್ಟಿ ತನ್ನ ಪಾಲು ಕೇಳುತ್ತಿತ್ತು. ಊರಲ್ಲಿ ಅದಕ್ಕೆ ಸಾವಿನ ತೆರಿಗೆ ಎನ್ನುತ್ತಿದ್ದರು. ಮಿಲ್ಲಿನವರ ಮಕ್ಕಳ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಮಿಲ್ಲನ್ನೇ ಮಾರಿ ಕಟ್ಟಿದರು. ಅದನ್ನು ನೋಡಿ ಮಾವ ಹೆದರಿದರು. ಅವರ ಕಾರ್ಖಾನೆಯದೂ ಅದೇ ಅವಸ್ಥೆ. ಜನ ಸಿಮೆಂಟಿನ ತಾರಸಿ ಮನೆ ಕಟ್ಟಲು ತೊಡಗಿದ್ದರು, ಹೆಂಚಿನಿಂದ ಬರುವುದು ಕೆಲಸದವರ ಸಂಬಳಕ್ಕೆ ಮತ್ತು ಗೂಡಿನ ಸೌದೆಗೆ ಸರಿಯಾಗುತ್ತಿತ್ತು. ಆದರೆ ಊರು ಬೆಳೆದು ಹೊಳೆಯ ದಡದ ಆ ಜಾಗಕ್ಕೆ ಸೈಟಿನ ಬೆಲೆ ಬಂದಿತ್ತು. ತೆರಿಗೆಯವರು ಕಟ್ಟುವುದು ಆ ಬೆಲೆಯನ್ನು. ಕೈಯಲ್ಲಿ ಕಾಸಿಲ್ಲ, ಕಾಲಡಿಯಲ್ಲಿ ಚಿನ್ನ ಎಂಬ ಹಾಗೆ.

ವಕೀಲರು ಒಂದು ದಾರಿ ಹೇಳಿದರು. ಬದುಕಿರುವಾಗಲೇ ದಾನಪತ್ರ ಮಾಡಿ ಕಾರ್ಖಾನೆಯನ್ನು ಸೊಸೆಗೆ, ಎಂದರೆ ನನಗೆ, ಕೊಟ್ಟುಬಿಡುವುದು. ದಾನ ಕೊಟ್ಟು ಎರಡು ವರ್ಷ ಬದುಕಿದ್ದರೆ ಸಾವಿನ ತೆರಿಗೆ ಅದಕ್ಕೆ ತಾಗುವುದಿಲ್ಲ. ಅಷ್ಟರೊಳಗೆ ಸತ್ತರೆ ಕೊಟ್ಟೂ ಕೊಡದ ಹಾಗೆ. ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಕೂತು ಸಹಿ ಮಾಡಿದೆವು. ಹೊರಗೆ ಬಂದು ಮಾವ ಎಳನೀರು ಕುಡಿಸಿದರು. “ಇನ್ನು ನೀನು ಯಜಮಾನ್ತಿ. ಎಳನೀರಿನ ದುಡ್ಡು ನೀನೇ ಕೊಡು” ಎಂದರು. ನನ್ನ ಹತ್ತಿರ ಇದ್ದದ್ದು ಬಹರೈನಿ ದಿನಾರ್. ಎಳನೀರಿನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟ.

ನಾನು ಬಹರೈನಿಗೆ ಮರಳಿ ಮೂರು ತಿಂಗಳಾಗಿರಬಹುದು, ಆಫೀಸಿನ ಪೋಸ್ಟ್ ಬಾಕ್ಸಿಗೆ ವಕೀಲರ ಟೈಪ್ ಮಾಡಿದ ಕಾಗದ ಬಂತು. ಎರಡು ವರ್ಷ ಬದುಕಿದರೆ ಮಾತ್ರ ಸಾಲದಂತೆ. ದಾನ ಕೊಟ್ಟವರು ಕೊಟ್ಟ ಆಸ್ತಿಯಿಂದ ಪೂರ್ತಿ ಹೊರಗಿರಬೇಕು, ಅದರ ಅನುಭೋಗ ಒಂದಿಷ್ಟೂ ಅವರಿಗೆ ಇರಬಾರದು. ಹಾಗಾಗಿ ನಿಮ್ಮ ಮಾವ ಇನ್ನು ಮುಂದೆ ಕಾರ್ಖಾನೆಗೆ ಹೋಗದಿರುವುದು ಲೇಸು, ನೀವು ಬೇರೊಬ್ಬ ಮ್ಯಾನೇಜರನ್ನು ನೇಮಿಸಿ, ಎಂದು ಬರೆದಿದ್ದರು. ಕಾಗದದ ಒಂದು ಪ್ರತಿ ಮಾವನಿಗೂ ಕಳಿಸಿದ್ದಾರೆಂದು ಕೆಳಗೆ ಇತ್ತು.

ಓದುತ್ತ ಓದುತ್ತ ನನ್ನ ಮೈಯೆಲ್ಲ ಉರಿಯಿತು. ಮನೆಗೆ ಹೋಗುವವರೆಗೂ ತಡೆಯಲಿಲ್ಲ. ಡ್ರಾಯರಿನಿಂದ ಮಡಚಿ ಅಂಟಿಸುವ ಏರೋಗ್ರಾಮ್ ಕಾಗದ ತೆಗೆದು ಅಲ್ಲೇ ಬರೆದೆ. ಮನೆಯಲ್ಲಿ ಆಡುವುದು ತುಳುವಾದರೂ ನಮ್ಮ ಕಾಗದಗಳೆಲ್ಲ ಕನ್ನಡದಲ್ಲಿ. ಏನು ಬರೆದೆನೆಂದು ಇವತ್ತಿಗೂ ಬಾಯಿಪಾಠ ಇದೆ. “ಮಾವನಿಗೆ ನಮಸ್ಕಾರ. ವಕೀಲರ ಕಾಗದ ಓದಿದೆ. ಪತ್ರದಲ್ಲಿ ನನ್ನ ಹೆಸರಿದ್ದರೆ ಇರಲಿ, ಕಾರ್ಖಾನೆ ನಿಮ್ಮದೇ. ನೀವು ಇರುವವರೆಗೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರಬಾರದು. ಅದರಲ್ಲಿ ಬರುವುದನ್ನು ಮೊದಲಿನ ಹಾಗೆಯೇ ನೀವೇ ತೆಗೆದುಕೊಂಡು ಮನೆ ನಡೆಸಬೇಕು. ವಕೀಲರು ಏನು ಬೇಕಾದರೂ ಹೇಳಲಿ. ನಿಮ್ಮನ್ನು ಹೊರಗೆ ಕೂರಿಸಿ ಉಳಿಸಿಕೊಳ್ಳುವ ಆಸ್ತಿ ನನಗೆ ಬೇಡ.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದು ಅಂಟಿಸಿದ್ದು ಇನ್ನೂ ಕೆಟ್ಟದು.

ಸಂಜೆ ಗಂಡನಿಗೆ ಹೇಳಿದೆ. ಅವರು, “ವಕೀಲರು ಹೇಳಿದ್ದು ನಿಮ್ಮ ಒಳ್ಳೇದಕ್ಕೇ ಅಲ್ವಾ?” ಎಂದರು.

“ಹಾಗಾದ್ರೆ ಮಾವನನ್ನು ಗೇಟಿನ ಹೊರಗೆ ನಿಲ್ಲಿಸ್ಲಾ?”

“ನಾನು ಹಾಗೆ ಹೇಳ್ಲಿಲ್ಲ. ಆದ್ರೆ ಆ ಕಾನೂನು ಸುಮ್ಮನೆ ಮಾಡಿದ್ದಲ್ಲ. ದೊಡ್ಡವರ ಆಸ್ತಿ ತಲೆತಲಾಂತರ ದೊಡ್ಡವರಲ್ಲೇ ಉಳೀಬಾರ್ದು ಅಂತ ಮಾಡಿದ್ದು. ನನ್ನ ಅಪ್ಪ ಸತ್ತಾಗ ಸರಕಾರ ಎಂತ ತಗೊಂಡಿತು? ತಗೊಳ್ಳಿಕ್ಕೆ ಎಂತ ಇತ್ತು?”

ಅವರ ತಂದೆ ಗೇಣಿಗೆ ಗದ್ದೆ ಮಾಡುತ್ತಿದ್ದವರು. ನಾನು ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ. ಈಗ ಯೋಚಿಸಿದರೆ ಅವರ ಮಾತಿನಲ್ಲೂ ನ್ಯಾಯ ಇತ್ತು. ಆದರೆ ನಮ್ಮ ಮಾವ ಯಾವ ದೊಡ್ಡವರು? ವರ್ಷಕ್ಕೆರಡು ಬಿಳಿ ಅಂಗಿ ಹೊಲಿಸುತ್ತಿದ್ದ ಮನುಷ್ಯ.

ಮಾವನ ಉತ್ತರ ಬಂತು. ನನ್ನ ಕಾಗದದ ಬಗ್ಗೆ ಅದರಲ್ಲಿ ಒಂದೇ ಸಾಲು. “ನೀನು ಹೇಳಿದ ಹಾಗೆ ಆಗಲಿ.” ಮಿಕ್ಕದ್ದೆಲ್ಲ ಸೌದೆಯ ರೇಟು, ಬೆಕ್ಕು ಮರಿ ಹಾಕಿದ್ದು. ಕಾರ್ಖಾನೆ ಮೊದಲಿನಂತೆ ನಡೆಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೊಂದೇ ನನಗೆ ಉಳಿದ ಕೆಲಸ. ಮಾವನಿಗೆ ಕೆಮ್ಮಿದೆ ಎಂದು ಕಾಗದ ಬಂದರೆ ಅನ್ನ ಸೇರುತ್ತಿರಲಿಲ್ಲ. ಊರಿಗೆ ಹೋಗುವವರ ಕೈಯಲ್ಲೆಲ್ಲ ಖರ್ಜೂರ, ಬಾದಾಮಿ, ಟಾನಿಕ್ ಬಾಟಲಿ ಕಳಿಸುತ್ತಿದ್ದೆ. ಆ ಟಾನಿಕ್ಕನ್ನು ಮಾವ ರೈಟರಿಗೆ, ಎಂದರೆ ಕಾರ್ಖಾನೆಯ ಗುಮಾಸ್ತರಿಗೆ, ಕೊಡುತ್ತಿದ್ದರಂತೆ. ರೈಟರು ದಪ್ಪಗಾದರು ಎಂದು ಅಮ್ಮ ಬರೆದಿದ್ದರು.

ಇಪ್ಪತ್ತನಾಲ್ಕನೇ ಗೆರೆ ಎಳೆದ ದಿನ ಕೋಳಿ ಸಾರು ಕಾಯಿಸಿ ಕೋರಿರೊಟ್ಟಿ ಮಾಡಿದೆ. ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಟೆಲಿಫೋನ್ ಕಚೇರಿಯಲ್ಲಿ ಎರಡು ಗಂಟೆ ಕಾದೆ. ಕೊನೆಗೆ ಸಿಕ್ಕಿತು.

“ಎಂತ ವಿಶೇಷ ಮಗಾ?” ಎಂದರು ಮಾವ.

“ಎಂತ ಇಲ್ಲ ಮಾವ, ಸುಮ್ಮನೆ.”

“ಸುಮ್ಮನೆ ಇಷ್ಟು ದುಡ್ಡು ಹಾಳು ಮಾಡುದಾ?” ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು, “ಇವತ್ತಿಗೆ ಎರಡು ವರ್ಷ ಆಯ್ತು, ಅಲ್ವಾ? ನಾನೂ ಎಣಿಸ್ತಿದ್ದೆ.”

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಮೂರು ನಿಮಿಷ ಮುಗಿದು ಲೈನು ಕಡಿಯಿತು.

ಮರುವರ್ಷ ಚಳಿಗಾಲದಲ್ಲಿ ಮಾವನನ್ನು ಒಂದು ತಿಂಗಳಿಗೆ ಬಹರೈನಿಗೆ ಕರೆಸಿಕೊಂಡೆವು. ನನ್ನ ಬಾಳಿನಲ್ಲಿ ಒಂದು ತಿಂಗಳನ್ನು ಮತ್ತೆ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ತಿಂಗಳನ್ನೇ ಕೇಳುತ್ತೇನೆ. ಬಂದ ಮೊದಲ ದಿನ ಬಾಲ್ಕನಿಯಲ್ಲಿ ನಿಂತು ಸುತ್ತಲಿನ ಚಪ್ಪಟೆ ತಾರಸಿಗಳನ್ನು ನೋಡಿ, “ಇಡೀ ದೇಶದಲ್ಲಿ ಒಂದು ಹೆಂಚಿಲ್ಲ ಅಲ್ವಾ? ನಾನು ಇಲ್ಲಿ ಹುಟ್ಟಿದ್ರೆ ಬೇಡಿ ತಿನ್ಬೇಕಿತ್ತು” ಎಂದರು. ಅಲ್ಲಿನ ಕುಬ್ಬೂಸ್ ರೊಟ್ಟಿ ಅವರಿಗೆ ಬಹಳ ಹಿಡಿಸಿತು. ಬೇಕರಿಯವನು ಕೆಂಡದ ಗೂಡಿನ ಗೋಡೆಗೆ ಹಿಟ್ಟು ಬಡಿಯುವುದನ್ನು ನೋಡಲು ದಿನವೂ ತಾವೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಒಂದು ದಿನ ವಾಪಸು ಬಂದು, “ಅವನ ಗೂಡು ಒಂದು ಬದಿ ತಣ್ಣಗೆ ಉಂಟು. ಹೇಳ್ಲಿಕ್ಕೆ ಭಾಷೆ ಬರುದಿಲ್ಲ” ಎಂದು ಬೇಸರಪಟ್ಟುಕೊಂಡರು.

ಮಾವ ಬಂದಿರುವುದು ತಿಳಿದು ನಮ್ಮ ಅರ್ಬಾಬ್ ಶುಕ್ರವಾರ ಬುದಯ್ಯದ ತಮ್ಮ ತೋಟಕ್ಕೆ ಕರೆದರು. ಅವರ ತಂದೆಯ ಕಾಲದ ಖರ್ಜೂರದ ತೋಟ. ಮರಗಳ ನಡುವೆ ನೀರಿನ ಕಾಲುವೆ, ದನಕ್ಕೆ ಹಾಕುವ ಕುದುರೆಮಸಾಲೆ ಸೊಪ್ಪಿನ ಹಸುರು ಪಾತಿಗಳು. ತಂದೆ ತೀರಿಕೊಂಡ ಮೇಲೆ ಏಳು ಮಂದಿ ಅಣ್ಣತಮ್ಮ ಅಕ್ಕತಂಗಿಯರಿಗೆ ಅದು ಸೇರಿತ್ತು. ಮಾವ ಕಾಲುವೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಉಂಡೆ ಮಣ್ಣು ತೆಗೆದು ಬೆರಳಲ್ಲಿ ನಾದಿ ಮೂಸಿ ನೋಡಿದರು.

“ಮರಳು ಜಾಸ್ತಿ. ಹೆಂಚಿಗೆ ಆಗ್ಲಿಕ್ಕಿಲ್ಲ.”

ಮಾವ ಏನೆಂದರು ಎಂದು ಅರ್ಬಾಬ್ ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ. ತಮ್ಮ ಮಣ್ಣಿಗೆ ಹಾಗೆ ಅಂದದ್ದಕ್ಕೆ ಅವರ ಮುಖ ಒಂದು ಕ್ಷಣ ಬಿಗಿಯಿತು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಇಬ್ಬರೂ ಒಂದೇ ವಯಸ್ಸಿನವರು. ಹಗ್ಗದ ಮಂಚದ ಮೇಲೆ ಕೂತು ಗಾವಾ, ಎಂದರೆ ಅರಬರ ಕಾಫಿ, ಕುಡಿಯುತ್ತ, ನನ್ನನ್ನು ನಡುವೆ ಕೂರಿಸಿಕೊಂಡು ಮಾತಾಡಿದರು. ಆಗಲೇ ಸಾವಿನ ತೆರಿಗೆಯ ಮಾತು ಬಂದದ್ದು. ಅರ್ಬಾಬ್‌ಗೆ ಅದು ಅರ್ಥವೇ ಆಗಲಿಲ್ಲ. ಎರಡು ಸಲ ವಿವರಿಸಿದೆ.

“ಅಪ್ಪ ಸತ್ತರೆ ಸರ್ಕಾರ್ ಪಾಲು ಕೇಳುತ್ತದಾ? ಸರ್ಕಾರ್ ಕ್ಯಾ ಉಸ್ಕಾ ಬೇಟಾ ಹೈ?”

ಸರಕಾರ ಅವರ ಮಗನೋ ಎಂದು ಕೇಳ್ತಾರೆ ಎಂದು ಮಾವನಿಗೆ ಹೇಳಿದೆ. ಮಾವ ಗಂಭೀರವಾಗಿ, “ಅವರಿಗೆ ಹೇಳು, ನಮ್ಮ ಜಾತಿಯಲ್ಲಿ ಮಗನಿಗೆ ಸಿಗುದಿಲ್ಲ, ತಂಗಿಯ ಮಕ್ಕಳಿಗೆ ಸಿಗುದು. ಹಾಗಾಗಿ ಸರಕಾರ ನನ್ನ ತಂಗಿಯ ಮಗ” ಎಂದರು. ಅದನ್ನು ಹಿಂದಿಗೆ ಹಾಕುವಷ್ಟರಲ್ಲಿ ನನಗೆ ಬೆವರು ಬಂತು. ಹೊರಡುವಾಗ ಅರ್ಬಾಬ್ ಒಂದು ಬುಟ್ಟಿ ಖರ್ಜೂರ ಕೊಟ್ಟರು. ಮಾವ ಪ್ರತಿಯಾಗಿ ಕೊಡಲು ಏನೂ ತಂದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ಬೈದರು.

ಊರಿಗೆ ಮರಳಿ ಎಂಟು ತಿಂಗಳಿಗೆ ಮಾವ ತೀರಿಕೊಂಡರು. ಮಧ್ಯಾಹ್ನ ಕಾರ್ಖಾನೆಯ ಕೋಣೆಯಲ್ಲೇ, ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ. ಟೆಲಿಗ್ರಾಂ ಬಂದ ದಿನವೇ ಅರ್ಬಾಬ್ ಟಿಕೆಟ್ ಮಾಡಿಸಿಕೊಟ್ಟರು. ಆದರೂ ನಾನು ತಲುಪುವಾಗ ಎಲ್ಲ ಮುಗಿದಿತ್ತು. ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿಸಿ, ಅಮ್ಮನಿಗೆ ಧೈರ್ಯ ಹೇಳಿ, ಕಾರ್ಖಾನೆಯನ್ನು ರೈಟರ ಕೈಗೆ ಒಪ್ಪಿಸಿ ಬಂದೆ. ತೆರಿಗೆಯ ಯೋಚನೆ ಸುಳಿಯಲೂ ಇಲ್ಲ. ಎರಡು ವರ್ಷ ಯಾವತ್ತೋ ಕಳೆದು ಮೂರು ದಾಟಿತ್ತಲ್ಲ.

ಆಮೇಲೆ ಅಮ್ಮನ ಒಂದು ಕಾಗದ ಬಂತು. ಆಫೀಸಿನಲ್ಲಿ ಕೂತು ಒಡೆದೆ. ತೆರಿಗೆಯ ಅಧಿಕಾರಿ ಮನೆಗೆ ಬಂದಿದ್ದರಂತೆ, ಬಹಳ ಒಳ್ಳೆಯ ಜನವಂತೆ, ಅವಲಕ್ಕಿ ತಿಂದು ಚಾ ಕುಡಿದರಂತೆ. ದಾನಪತ್ರ ಆದ ಮೇಲೆ ಕಾರ್ಖಾನೆಯನ್ನು ಯಾರು ನೋಡಿಕೊಳ್ಳುತ್ತಿದ್ದರು, ಅದರ ಉತ್ಪತ್ತಿ ಯಾರಿಗೆ ಹೋಗುತ್ತಿತ್ತು ಎಂದು ಕೇಳಿದರಂತೆ.

ನಮ್ಮ ಕಡೆ ಯಾರಾದರೂ ಬದುಕಿರುವಾಗಲೇ ಆಸ್ತಿ ಬರೆದು ಕೊಟ್ಟರೆ, ಊರವರು ಕೇಳುವ ಮೊದಲ ಪ್ರಶ್ನೆ ಅದೇ. ಬರೆಸಿಕೊಂಡವರು ಆಮೇಲೆ ಚೆನ್ನಾಗಿ ನೋಡಿಕೊಂಡರೋ, ಮೂಲೆಗೆ ತಳ್ಳಿದರೋ? ಅಧಿಕಾರಿ ಕೇಳುತ್ತಿರುವುದೂ ಅದನ್ನೇ ಎಂದುಕೊಂಡರು ಅಮ್ಮ. ಮಗಳ ಮಾನದ ಪ್ರಶ್ನೆ. ಸೀದಾ ಒಳಗೆ ಹೋಗಿ ಮಾವನ ಪೆಟ್ಟಿಗೆಯಿಂದ ನನ್ನ ಏರೋಗ್ರಾಮ್ ತೆಗೆದು ಅಧಿಕಾರಿಯ ಕೈಗಿಟ್ಟರು. “ಅವರು ಎರಡು ಸಲ ಓದಿದರು. ನಿಮ್ಮ ಮಗಳಿಗೆ ಮಾವನ ಮೇಲೆ ಬಹಳ ಪ್ರೀತಿ ಎಂದು ಹೇಳಿದರು. ನನ್ನನ್ನು ಕೇಳಿಯೇ ಕಾಗದ ತೆಗೆದುಕೊಂಡು ಹೋದರು. ನನಗೆ ತುಂಬ ಸಂತೋಷವಾಯಿತು” ಎಂದು ಅಮ್ಮ ಬರೆದಿದ್ದರು.

ನನ್ನ ಮುಖ ನೋಡಿ ಅರ್ಬಾಬ್ ಎದ್ದು ಬಂದರು. ಮತ್ತೆ ಯಾರು ತೀರಿಕೊಂಡರು ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ವಕೀಲರಿಗೆ ಫೋನ್ ಮಾಡಿದೆ. “ಅಮ್ಮಾ, ಆ ಕಾಗದ ನೀವೇ ಬರೆದದ್ದು ಹೌದಾ?” ಎಂದು ಕೇಳಿದರು. ಹೌದು ಎಂದೆ. “ಅದರಲ್ಲಿ ‘ವಕೀಲರು ಏನು ಬೇಕಾದರೂ ಹೇಳಲಿ’ ಅಂತ ಉಂಟಂತಲ್ಲ?” ಉಂಟು ಎಂದೆ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ದಾನ ಆದದ್ದು ಪತ್ರದಲ್ಲಿ ಮಾತ್ರ, ವಾಸ್ತವದಲ್ಲಿ ಮಾವನೇ ಕೊನೆಯವರೆಗೂ ಕಾರ್ಖಾನೆಯನ್ನು ಅನುಭವಿಸಿದರು ಎಂದು ತೀರ್ಮಾನಿಸಿ ತೆರಿಗೆಯವರು ಪೂರ್ತಿ ಡ್ಯೂಟಿ ಹಾಕಿದರು. ಮೇಲೆ ಅಪೀಲು ಮಾಡಿದೆವು. ಅಲ್ಲೂ ಆ ಕಾಗದವನ್ನೇ ಓದಿದರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಂತಿನಲ್ಲಿ ಕಟ್ಟಲು ನೋಡಿದೆವು. ಇಬ್ಬರ ಸಂಬಳವೂ ಸಾಲಲಿಲ್ಲ. ಕೊನೆಗೆ ಮಾರಿದೆವು. ಸಹಿ ಹಾಕಲು ನಾನೇ ಊರಿಗೆ ಹೋಗಬೇಕಾಯಿತು. ಕೊಂಡವರಿಗೆ ಹೆಂಚು ಬೇಡ, ಜಾಗ ಬೇಕು. ಕೆಲಸದವರಿಗೆ ಕೊಡಬೇಕಾದದ್ದನ್ನು ಕೊಟ್ಟೆವು. ಗಂಡಸರು ಕೆಲವರು ಬೇರೆ ಕಾರ್ಖಾನೆ ಹುಡುಕಿ ಹೋದರು, ಹೆಂಗಸರು ಹೆಚ್ಚಿನವರು ಬೀಡಿ ಕಟ್ಟಲು ಕೂತರು. ಮೂವತ್ತು ವರ್ಷ ಹೆಂಚು ಹೊತ್ತ ಒಬ್ಬಳು ನನ್ನ ಕೈ ಹಿಡಿದು, “ಅಕ್ಕ, ನೀವು ಎಂತ ಮಾಡ್ಲಿಕ್ಕಾಗ್ತದೆ?” ಎಂದಳು. ನಾನು ಏನು ಮಾಡಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅಮ್ಮನಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಅವರನ್ನು ನನ್ನ ಜೊತೆಯಲ್ಲೇ ಬಹರೈನಿಗೆ ಕರೆತಂದೆ. ತೆರಿಗೆ ಜಾಸ್ತಿ ಬಂತು, ಮಾರಬೇಕಾಯಿತು ಎಂದಷ್ಟೇ ಗಂಡನೂ ನಾನೂ ಹೇಳಿಕೊಂಡು ಬಂದೆವು. ಆ ದಿನಗಳಲ್ಲಿ ನಾನು ಸರಕಾರವನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಒಂದು ಸಲ ಆಫೀಸಿನಲ್ಲೂ ಬೈದೆ. ಅರ್ಬಾಬ್ ಕೇಳಿಸಿಕೊಂಡು, ತಮ್ಮ ಬುದಯ್ಯದ ತೋಟವೂ ಮಾರಿಹೋಯಿತು ಎಂದರು. ಏಳು ಪಾಲಿನಲ್ಲಿ ನಾಲ್ವರಿಗೆ ದುಡ್ಡು ಬೇಕಿತ್ತು, ಬಾವಿಯ ನೀರೂ ಉಪ್ಪಾಗಿತ್ತು, ಈಗ ಅಲ್ಲಿ ವಿಲ್ಲಾ ಕಟ್ಟುತ್ತಿದ್ದಾರೆ. “ನಮ್ಮ ಸರ್ಕಾರ್ ಒಂದು ಗರಿ ಕೂಡ ಮುಟ್ಟಲಿಲ್ಲ” ಎಂದರು. ಅವರೇ ಆ ವಿಲ್ಲಾಗಳಿಗೆ ಸಿಮೆಂಟು ಕೊಡುತ್ತಿದ್ದರು. ಬಿಲ್ಲು ಟೈಪ್ ಮಾಡಿದ್ದು ನಾನು.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನನ್ನ ಗಂಡ ಬೊಂಬಾಯಿಯಿಂದ ಬಂದ ಹಳೇ ಪೇಪರ್ ಓದುತ್ತ ಕೂತಿದ್ದರು. ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಪೇಪರ್ ಹಾಸಿ ಮೀನು ಹೆಚ್ಚುತ್ತಿದ್ದರು. ನಾನು ಮಸಾಲೆ ಹುರಿಯುತ್ತಿದ್ದೆ. ಗಂಡ ಬಾಗಿಲಿಗೆ ಬಂದು ಪೇಪರನ್ನು ಮಡಚಿ ಹಿಡಿದು ನಿಂತರು.

“ಎಸ್ಟೇಟ್ ಡ್ಯೂಟಿ ತೆಗೆದರಂತೆ. ಇನ್ನು ಮುಂದೆ ಸಾಯುವವರಿಗೆ ಅದು ಇಲ್ಲ.”

ನನ್ನ ಕೈಯ ಸೌಟು ಹಾ‌ಗೆಯೇ ನಿಂತಿತು. ಕಾರ್ಖಾನೆ ಮಾರಿ ವರ್ಷ ತುಂಬಿರಲಿಲ್ಲ. “ಹೋಗಿ ಆ ಸರಕಾರದವರ ತಲೆಗೆ ಹಾಕಿ ಆ ಪೇಪರು” ಎಂದು ಗಂಡನ ಮೇಲೆ ಹರಿಹಾಯ್ದೆ. ಮೆಣಸು ಕರಟಿದ ವಾಸನೆ ಬಂತು. ಗಂಡ ಒಲೆ ಆರಿಸಿ ಹೊರಗೆ ಹೋದರು.

ಅಮ್ಮ ತಲೆ ಎತ್ತಲಿಲ್ಲ. ಮೀನಿನ ಹೊಟ್ಟೆ ಸೀಳುತ್ತಲೇ ಹೇಳಿದರು, “ನಾನು ಕೊಟ್ಟ ಕಾಗದದಿಂದಲೇ ಹೋದದ್ದು ಅಂತ ನಂಗೆ ಗೊತ್ತುಂಟು.”

“ಯಾರು ಹೇಳಿದ್ದು?”

“ಯಾರಾದ್ರೂ ಹೇಳ್ಬೇಕಾ? ವಕೀಲರು ಮನೆಗೆ ಬಂದಾಗ ನನ್ನ ಮುಖ ನೋಡ್ಲಿಲ್ಲ. ಕೊಟ್ಟ ಚಾ ಕುಡೀಲಿಲ್ಲ.”

“ನೀವು ಕೊಟ್ಟದ್ದರಿಂದ ಅಲ್ಲ ಅಮ್ಮ. ನಾನು ಬರೆದದ್ದರಿಂದ. ನಾನು ಆ ದಿನ ಸಿಟ್ಟಲ್ಲಿ ಬರೀದಿದ್ರೆ ಕಾರ್ಖಾನೆ ಇವತ್ತಿಗೂ ಇರ್ತಿತ್ತು” ಎಂದೆ. ಅಷ್ಟು ದಿನ ಅಮ್ಮನಿಗೆ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ಅಮ್ಮ ಕತ್ತಿಯನ್ನು ಕೆಳಗಿಟ್ಟರು.

“ನೀನು ಬರೀದಿದ್ರೆ ಎಂತ ಆಗ್ತಿತ್ತು ಅಂತ ನಾನು ಹೇಳ್ತೇನೆ, ಕೇಳು. ವಕೀಲರ ಕಾಗದ ಅಣ್ಣನಿಗೆ ನಿನಗಿಂತ ಮೊದಲೇ ಸಿಕ್ಕಿತ್ತು. ಓದಿದವರೇ ಕೋಣೆಗೆ ಬೀಗ ಹಾಕಿಸಿ ಮನೆಗೆ ಬಂದ್ರು. ಮಗುವಿಗೆ ತೊಂದ್ರೆ ಆಗ್ಬಾರ್ದು, ನಾನಿನ್ನು ಆ ಕಡೆ ಹೋಗುದಿಲ್ಲ ಅಂದ್ರು. ನಿನ್ನ ಕಾಗದ ಬರುವವರೆಗೆ ಮೂರು ವಾರ ಮನೇಲೇ ಇದ್ರು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದ ಕೂಡ್ಲೇ ಎದ್ದು ಅಂಗಿ ಹಾಕುದು. ಜಗಲಿಯವರೆಗೆ ಹೋಗುದು. ಮತ್ತೆ ನೆನಪಾಗಿ ಬಂದು ಅಂಗಿ ತೆಗೆದು ಗೂಟಕ್ಕೆ ಹಾಕುದು. ದಿನಾ ಅದೇ. ಊಟ ಬಿಟ್ರು. ಎರಡನೇ ವಾರ ಅಂಗಿಯ ಗುಂಡಿಯನ್ನೂ ನಾನೇ ಹಾಕಿ ಕೊಡ್ತಿದ್ದೆ, ನಾನೇ ತೆಗೀತಿದ್ದೆ. ನಿಂಗೆ ಬರೀಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸಿದ್ರು. ನಿನ್ನ ಕಾಗದ ಬಂದ ಮರುದಿನ ಎರಡು ದೋಸೆ ತಿಂದು ಹೋದ್ರು.”

ನಾನು ಒಲೆಯ ಮೇಲಿನ ಬಾಣಲೆ ಕೆಳಗಿಳಿಸಿದೆ.

“ಕುರ್ಚಿಯನ್ನೂ ಬಿಡ್ಬೇಕು, ಎರಡು ವರ್ಷ ಬದುಕಿಯೂ ಇರ್ಬೇಕು ಅಂತ ಆ ಕಾನೂನು. ಅಣ್ಣನಿಗೆ ಅದು ಎರಡೂ ಒಟ್ಟಿಗೆ ಆಗ್ತಿರ್ಲಿಲ್ಲ ಮಗಾ. ನೀನು ಬರೀದಿದ್ರೆ ಆ ವರ್ಷವೇ ಹೋಗ್ತಿದ್ರು. ಕಾರ್ಖಾನೆಯೂ ಹೋಗ್ತಿತ್ತು.”

ಇಷ್ಟು ಹೇಳಿ ಅಮ್ಮ ಮತ್ತೆ ಮೀನು ಹೆಚ್ಚಲು ತೊಡಗಿದರು. ನಾನು ಅಲ್ಲೇ ಅವರ ಪಕ್ಕ ನೆಲದ ಮೇಲೆ ಕೂತು, ಚಿಪ್ಪು ಅಂಟಿದ ಅವರ ಮಡಿಲಿಗೆ ತಲೆ ಇಟ್ಟು ಗಟ್ಟಿಯಾಗಿ ಅತ್ತೆ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಅಷ್ಟು ದಿನ ಅತ್ತದ್ದೆಲ್ಲ ಕಾರ್ಖಾನೆಗೆ. ಮಾವನಿಗಾಗಿ ಅತ್ತದ್ದು ಅದೇ ಮೊದಲು.